ಹೊರ್ಮುಜ್ ಕುದುರೆ, ಆಳಂದದ ಸಂತೆ

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರ್‌ಗೆ ಈಗ ಎರಡು-ಮೂರು ತಾಸು. ಇವು ಬಹಮನಿ ಸುಲ್ತಾನರ ಎರಡು ರಾಜಧಾನಿಗಳು: 1347ರಿಂದ ಕಲಬುರಗಿ, ಆಮೇಲೆ ಬೀದರ್. ಅವರ ಸೈನ್ಯಕ್ಕೆ ಕುದುರೆ ಬೇಕೇ ಬೇಕು. ಆದ್ರೆ ಒಳ್ಳೆ ಯುದ್ಧದ ಕುದುರೆ ಅರಬ್, ಪರ್ಷಿಯಾ ಕಡೆಯಿಂದ ಹಡಗಿನಲ್ಲೇ ಬರಬೇಕಿತ್ತು.

1470ರ ಆಸುಪಾಸು ರಷ್ಯಾದ ವ್ಯಾಪಾರಿ ಅಫಾನಸಿ ನಿಕಿಟಿನ್ ಹೀಗೇ ಒಂದು ಗಂಡು ಕುದುರೆ ತಂದ. ಹೊರ್ಮುಜ್‌ನಿಂದ ಚೌಲ್ ಬಂದರಿಗೆ ಸಮುದ್ರದ ಮೇಲೆ, ಅಲ್ಲಿಂದ ನೆಲದ ದಾರಿಯಲ್ಲಿ ಜುನ್ನರ್‌ಗೆ. ಅಷ್ಟರಲ್ಲೇ ನೂರು ರೂಬಲ್ ಖರ್ಚು.

ಜುನ್ನರ್‌ನಲ್ಲಿ ಅಲ್ಲಿನ ಖಾನ್ ಕುದುರೆ ಕಸಿದುಕೊಂಡ. ಮುಸ್ಲಿಮನಾದ್ರೆ ಕುದುರೆ ವಾಪಸ್, ಮೇಲೆ ಸಾವಿರ ಚಿನ್ನದ ನಾಣ್ಯ. ಇಲ್ಲಾಂದ್ರೆ ಕುದುರೆಯೂ ಇಲ್ಲ, ಸಾವಿರ ನಾಣ್ಯ ಇವನೇ ಕೊಡಬೇಕು. ಗಡುವು ನಾಲ್ಕು ದಿನ. ಕ್ರೈಸ್ತ ನಿಕಿಟಿನ್ ಒಪ್ಪಲಿಲ್ಲ. ಕೊನೆಗೆ ಖಾನ್ ಹತ್ರ ಮಾತಾಡಿ ಕುದುರೆ ಬಿಡಿಸಿಕೊಟ್ಟವನು ಖುರಾಸಾನದ ಒಬ್ಬ ಮುಸ್ಲಿಂ!

ಇಲ್ಲಿ ಕುದುರೆಗೆ ಕಡಲೆ, ಸಕ್ಕರೆ ಹಾಕಿದ ಕಿಚಡಿ ತಿನ್ನಿಸ್ತಾರೆ ಅಂತ ಅವನು ಬರೆದಿದ್ದಾನೆ. ಅಂದ್ರೆ ಮಾರೋವರೆಗೂ ಸಾಕೋ ಖರ್ಚು ತಪ್ಪಲ್ಲ. ಕೊನೆಗೆ ಮಾರಿದ್ದು ಬೀದರ್‌ನಲ್ಲಿ.

ಆದ್ರೆ ಕುದುರೆಗಳ ದೊಡ್ಡ ಸಂತೆ ಇದ್ದದ್ದು ನಮ್ಮ ಆಳಂದದಲ್ಲಿ. ಶೇಖ್ ಅಲಾವುದ್ದೀನ್ ಹೆಸರಲ್ಲಿ, ವರ್ಷಕ್ಕೊಮ್ಮೆ, ಹತ್ತು ದಿನ. ಈ ಸಂತರನ್ನೇ ನಾವು ಲಾಡ್ಲೆ ಮಶಾಯಖ್ ಅಂತೀವಿ. ಮಾರಾಟಕ್ಕೆ 20,000 ಕುದುರೆ ತನಕ ಬರ್ತಿದ್ವು ಅಂತಾನೆ ನಿಕಿಟಿನ್. ಲೆಕ್ಕ ಅವನದ್ದು, ಸ್ವಲ್ಪ ಉತ್ಪ್ರೇಕ್ಷೆ ಇದ್ರೂ ಇರಬಹುದು.

ಕಲಬುರಗಿ ಕೋಟೆ ಮುಂದೆ ಸೆಲ್ಫಿ ತಗೊಳ್ಳುವಾಗ ಆಳಂದವನ್ನೂ ನೆನಪಿಸ್ಕೊಳ್ಳಿ. ಕೋಟೆ ಎಷ್ಟೇ ಗಟ್ಟಿಯಿದ್ರೂ, ಈ ದಾರಿಯಲ್ಲಿ ಕುದುರೆ ಬರೋದು ನಿಂತ್ರೆ ಸುಲ್ತಾನನ ಸೈನ್ಯವೂ ಸೊರಗ್ತಿತ್ತು.