ಕಾಲೇಜಿಗೆ ಮುನ್ನ ಒಂದು ಬೇಸಿಗೆ: ಅಮೆರಿಕದ ಮೊದಲ ತಲೆಮಾರಿನ ವಿದ್ಯಾರ್ಥಿಗಳ ಪೂರ್ವಸಿದ್ಧತಾ ಬೋಧನೆ

ತಂದೆತಾಯಿಯರಲ್ಲಿ ಯಾರೊಬ್ಬರೂ ಪದವಿ ಪೂರೈಸದ ಮನೆಯಿಂದ ಕಾಲೇಜಿಗೆ ಬರುವವರನ್ನು ಮೊದಲ ತಲೆಮಾರಿನ ವಿದ್ಯಾರ್ಥಿಗಳೆಂದು ಗುರುತಿಸಲಾಗುತ್ತದೆ. ಅಮೆರಿಕದ ಉನ್ನತ ಶಿಕ್ಷಣ ಕಾಯಿದೆಗೆ 1980ರಲ್ಲಿ ಬಂದ ತಿದ್ದುಪಡಿ ಈ ವ್ಯಾಖ್ಯೆಗೆ ಕಾನೂನಿನ ರೂಪ ಕೊಟ್ಟಿತು. ಆದರೆ ಇಂಥ ವಿದ್ಯಾರ್ಥಿಗಳನ್ನು ಬೇಸಿಗೆಯ ಬಿಡುವಿನಲ್ಲಿ ಕಾಲೇಜಿನ ಆವರಣಕ್ಕೇ ಕರೆತಂದು, ಕೆಲವು ವಾರ ಅಲ್ಲಿಯೇ ಉಳಿಸಿಕೊಂಡು, ಓದು, ಬರವಣಿಗೆ ಮತ್ತು ಗಣಿತದಲ್ಲಿ ಸಜ್ಜುಗೊಳಿಸುವ ಪ್ರಯತ್ನ ಅದಕ್ಕಿಂತ ಹದಿನೈದು ವರ್ಷ ಹಳೆಯದು. ಅಲ್ಲಿ ಶೈಕ್ಷಣಿಕ ವರ್ಷ ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿ ಈ ಕೆಲಸಕ್ಕೆ ಒದಗಿಬಂದಿತು. ಸುಮಾರು ಆರು ದಶಕಗಳ ಈ ಇತಿಹಾಸದಲ್ಲಿ ಬೋಧನಾ ವಿಧಾನಗಳು ಬದಲಾದಂತೆಯೇ, ಸಿದ್ಧವಾಗಬೇಕಾದದ್ದು ವಿದ್ಯಾರ್ಥಿಯೋ ಕಾಲೇಜೋ ಎಂಬ ಮೂಲಪ್ರಶ್ನೆಗೆ ದೊರೆತ ಉತ್ತರವೂ ಬದಲಾಗುತ್ತ ಬಂದಿದೆ.

ಈ ಕ್ಷೇತ್ರದ ಹುಟ್ಟು 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ಜೊತೆ ಬೆಸೆದುಕೊಂಡಿದೆ. 1964ರ ಬೇಸಿಗೆಯಲ್ಲಿ ಮಿಸಿಸಿಪಿ ರಾಜ್ಯದಲ್ಲಿ ನಡೆದ ಸ್ವಾತಂತ್ರ್ಯ ಶಾಲೆಗಳಿಗೆ ಕಾಲೇಜು ಪ್ರವೇಶವು ಗುರಿಯಾಗಿರಲಿಲ್ಲ. ಆದರೂ ಕಪ್ಪು ಸಮುದಾಯದ ಮಕ್ಕಳು ಪ್ರಶ್ನೆ ಕೇಳುತ್ತ, ತಮ್ಮ ಸುತ್ತಲಿನ ಸಮಾಜವನ್ನೇ ಪಠ್ಯವಾಗಿಸಿಕೊಂಡು ಕಲಿಯುವ ಕ್ರಮವೊಂದನ್ನು ಅವು ತೋರಿಸಿಕೊಟ್ಟವು. ಅದೇ ವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಡತನ ನಿರ್ಮೂಲನೆಯ ಕಾರ್ಯನೀತಿಯ ಭಾಗವಾಗಿ ಆರ್ಥಿಕ ಅವಕಾಶ ಕಾಯಿದೆ ಜಾರಿಗೆ ಬಂದಿತು. ಅದರ ಅಡಿಯಲ್ಲಿ 1965ರ ಬೇಸಿಗೆಯಲ್ಲಿ ‘ಅಪ್‌ವರ್ಡ್ ಬೌಂಡ್’ ಕಾರ್ಯಕ್ರಮ ಪ್ರಾಯೋಗಿಕವಾಗಿ ಆರಂಭವಾಯಿತು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ವರ್ಷವಿಡೀ ಪಾಠದ ನೆರವು ಮತ್ತು ಬೇಸಿಗೆಯಲ್ಲಿ ಸಾಮಾನ್ಯವಾಗಿ ಆರು ವಾರಗಳ ವಸತಿ ಶಿಬಿರ ಇದರ ಸ್ವರೂಪ. 1965ರ ‘ಟ್ಯಾಲೆಂಟ್ ಸರ್ಚ್’ ಮತ್ತು 1968ರಲ್ಲಿ ಸೇರಿದ ವಿದ್ಯಾರ್ಥಿ ನೆರವು ಯೋಜನೆಯೊಂದಿಗೆ ಇದು ಮೂರರ ಗುಂಪಾಗಿ ‘ಟ್ರಿಯೊ’ ಎಂಬ ಹೆಸರು ಪಡೆಯಿತು. ಮುಂದೆ ಇನ್ನಷ್ಟು ಯೋಜನೆಗಳು ಸೇರಿದರೂ ಹೆಸರು ಹಾಗೆಯೇ ಉಳಿಯಿತು.

ಮೊದಲ ಹಂತದ ಬೋಧನೆಯ ಹಿಂದೆ ಇದ್ದದ್ದು ‘ಕೊರತೆ ದೃಷ್ಟಿ’, ಅಂದರೆ ವಿದ್ಯಾರ್ಥಿಯಲ್ಲಿ ಏನು ಇಲ್ಲವೋ ಅದನ್ನು ಪಟ್ಟಿಮಾಡಿ ತುಂಬಿಕೊಡಬೇಕೆಂಬ ನಂಬಿಕೆ. ಅದಕ್ಕೆ ಗಂಭೀರವಾದ ಪ್ರಶ್ನೆ ಎದುರಾದದ್ದು ನ್ಯೂಯಾರ್ಕ್ ನಗರದಲ್ಲಿ. ಅಲ್ಲಿನ ಸಿಟಿ ಕಾಲೇಜಿನಲ್ಲಿ 1960ರ ದಶಕದ ನಡುವೆ ಆರಂಭವಾದ, ಬಡ ಕುಟುಂಬಗಳ ವಿದ್ಯಾರ್ಥಿಗಳನ್ನು ಕಾಲೇಜು ವ್ಯಾಸಂಗಕ್ಕೆ ಸಜ್ಜುಗೊಳಿಸುವ ‘ಸೀಕ್’ ಕಾರ್ಯಕ್ರಮದಲ್ಲಿ ಟೋನಿ ಕೇಡ್ ಬಂಬಾರಾ, ಜೂನ್ ಜೋರ್ಡನ್, ಆಡ್ರೆ ಲಾರ್ಡ್, ಏಡ್ರಿಯನ್ ರಿಚ್ ಅವರಂಥ ಲೇಖಕಿಯರು ಪಾಠ ಮಾಡಿದರು. 1969ರ ವಿದ್ಯಾರ್ಥಿ ಹೋರಾಟದ ಫಲವಾಗಿ 1970ರಲ್ಲಿ ಆ ನಗರದ ವಿಶ್ವವಿದ್ಯಾಲಯ ಮುಕ್ತ ಪ್ರವೇಶದ ನೀತಿಯನ್ನು ತಂದಾಗ, ಔಪಚಾರಿಕ ಬರವಣಿಗೆಯ ಅಭ್ಯಾಸವಿಲ್ಲದ ಸಾವಿರಾರು ವಿದ್ಯಾರ್ಥಿಗಳು ತರಗತಿಗೆ ಬಂದರು. ಅವರು ಪ್ರವೇಶದ ವೇಳೆ ಬರೆದ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಪರಿಶೀಲಿಸಿದ ಮೀನಾ ಶಾನೆಸಿ 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ತಪ್ಪುಗಳು ಅಡ್ಡಾದಿಡ್ಡಿಯಾದವಲ್ಲ, ಕಲಿಯುವವರು ತಾವೇ ಊಹಿಸಿಕೊಂಡ ನಿಯಮಗಳ ಫಲವಾದ್ದರಿಂದ ಅವುಗಳಿಗೆ ತರ್ಕವಿದೆ ಎಂದು ತೋರಿಸಿದರು. ಕೆಂಪು ಶಾಯಿಯಿಂದ ತಿದ್ದುವ ಮೊದಲು ಆ ತರ್ಕವನ್ನು ಅರಿಯುವುದು ಶಿಕ್ಷಕರ ಕರ್ತವ್ಯವಾಯಿತು. ಬೋಧನೆಯ ಭಾರವನ್ನು ವಿದ್ಯಾರ್ಥಿಯಿಂದ ಶಿಕ್ಷಕರ ಕಡೆಗೆ ಸರಿಸಿದ ಮೊದಲ ಮಹತ್ವದ ಹೆಜ್ಜೆ ಇದು.

ಇದನ್ನು ಮುಂದುವರಿಸಿದವರಲ್ಲಿ ಡೇವಿಡ್ ಬಾರ್ತಲಮೆ ಮತ್ತು ಮೈಕ್ ರೋಸ್ ಪ್ರಮುಖರು. ವಿದ್ಯಾರ್ಥಿಯು ಬರೆಯಲು ಕುಳಿತಾಗಲೆಲ್ಲ, ತನಗಿನ್ನೂ ಪರಿಚಯವಿಲ್ಲದ ವಿದ್ವತ್ಸಮುದಾಯದ ಮಾತಿನ ರೀತಿಯನ್ನು ತನ್ನದೆಂಬಂತೆ ಬಳಸಬೇಕಾಗುತ್ತದೆ ಎಂದು ಬಾರ್ತಲಮೆ 1985ರ ಪ್ರಬಂಧದಲ್ಲಿ ವಿವರಿಸಿದರು. ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿ, ಸ್ವತಃ ಮೊದಲ ತಲೆಮಾರಿನ ವಿದ್ಯಾರ್ಥಿಯಾಗಿದ್ದ ರೋಸ್, ಯುದ್ಧದಿಂದ ಮರಳಿದ ಯೋಧರನ್ನು ಕಾಲೇಜಿಗೆ ಸಜ್ಜುಗೊಳಿಸುವ ತರಗತಿಗಳಿಗಾಗಿ ಸಾರಾಂಶ ಬರೆಯುವುದು, ವರ್ಗೀಕರಿಸುವುದು, ಹೋಲಿಸುವುದು, ವಿಶ್ಲೇಷಿಸುವುದು ಎಂಬ ನಾಲ್ಕು ಚಿಂತನಾಕ್ರಮಗಳ ಸುತ್ತ ಪಠ್ಯಕ್ರಮ ರೂಪಿಸಿದರು. ಯಾವ ವಿಷಯದ ಪಾಠಕ್ಕೆ ಹೋದರೂ ಈ ನಾಲ್ಕು ಕೆಲಸಗಳು ಎದುರಾಗುತ್ತವೆಯಾದರೂ ಕಾಲೇಜಿನಲ್ಲಿ ಅವನ್ನು ಯಾರೂ ಬಿಡಿಸಿ ಹೇಳಿಕೊಡುವುದಿಲ್ಲ ಎಂಬುದು ಅವರ ಆಯ್ಕೆಯ ಹಿಂದಿನ ಕಾರಣ. ಕೆಲವೇ ವಾರಗಳ ಬೇಸಿಗೆ ತರಗತಿಯಲ್ಲಿ ಏನನ್ನು ಕಲಿಸಬೇಕೆಂಬ ಪ್ರಶ್ನೆಗೆ ಇಂದಿಗೂ ಇದಕ್ಕಿಂತ ಉಪಯುಕ್ತವಾದ ಉತ್ತರ ಸಿಗುವುದು ಕಷ್ಟ.

ಗಣಿತದಲ್ಲಿ ಇಂಥದೇ ತಿರುವು ಬಂದದ್ದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಅನುತ್ತೀರ್ಣರಾಗಲು ಆಸಕ್ತಿಯ ಅಭಾವ, ದುರ್ಬಲ ತಳಪಾಯ, ಮನೆಯವರ ಉದಾಸೀನ ಅಥವಾ ಬಡತನ ಕಾರಣವೆಂದು ಅಧ್ಯಾಪಕರು ನಂಬಿದ್ದರು. ಯೂರಿ ಟ್ರೈಸ್‌ಮನ್ 1970ರ ದಶಕದಲ್ಲಿ ಇಪ್ಪತ್ತು ಕಪ್ಪು ಹಾಗೂ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳ ದಿನಚರಿಯನ್ನು ಹತ್ತಿರದಿಂದ ಗಮನಿಸಿದಾಗ ಈ ನಾಲ್ಕೂ ಕಾರಣಗಳು ನಿಲ್ಲಲಿಲ್ಲ. ಎರಡನೆಯ ಗುಂಪಿನವರು ಒಟ್ಟಾಗಿ ಕುಳಿತು ಲೆಕ್ಕಗಳನ್ನು ಚರ್ಚಿಸುತ್ತಿದ್ದರೆ, ಮೊದಲನೆಯ ಗುಂಪಿನವರು ಶ್ರದ್ಧೆಯಿಂದಲೇ ಆದರೆ ಒಬ್ಬೊಬ್ಬರಾಗಿ ಓದುತ್ತಿದ್ದರು. ಆದ್ದರಿಂದ ಟ್ರೈಸ್‌ಮನ್ ಪರಿಹಾರ ಬೋಧನೆಯನ್ನು, ಅಂದರೆ ಹಿಂದಿನ ತರಗತಿಯ ಪಾಠವನ್ನೇ ಮತ್ತೆ ಮಾಡುವ ಪದ್ಧತಿಯನ್ನು ಕೈಬಿಟ್ಟು, ಸಾಮಾನ್ಯ ತರಗತಿಗಿಂತಲೂ ಕಠಿಣವಾದ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರಗಳನ್ನು ಏರ್ಪಡಿಸಿದರು. ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಸ್ಥಾಪನೆಯಾದ ಮೆಯರ್‌ಹಾಫ್ ಕಾರ್ಯಕ್ರಮವು ಮೊದಲ ತಲೆಮಾರಿನವರಿಗಷ್ಟೇ ಮೀಸಲಲ್ಲದಿದ್ದರೂ, ಗುಂಪು ಅಧ್ಯಯನವನ್ನೂ ಉನ್ನತ ನಿರೀಕ್ಷೆಯನ್ನೂ ಬೇಸಿಗೆಯ ಶಿಬಿರದಲ್ಲಿಯೇ ರೂಢಿಮಾಡಿಸಿ ವಿಜ್ಞಾನ ಕ್ಷೇತ್ರದಲ್ಲಿ ಮಾದರಿಯಾಯಿತು.

ತರಗತಿಯ ಈ ಅನುಭವಗಳ ಜೊತೆಜೊತೆಗೆ ಸಿದ್ಧಾಂತವೂ ಬೆಳೆಯಿತು. ಫ್ರಾನ್ಸಿನ ಪಿಯರ್ ಬೋರ್ದ್ಯೂ ಅವರ ‘ಸಾಂಸ್ಕೃತಿಕ ಬಂಡವಾಳ’ದ ಪರಿಕಲ್ಪನೆ, ಅಂದರೆ ವಿದ್ಯಾವಂತ ಮನೆಯ ಮಕ್ಕಳಿಗೆ ಸಹಜವಾಗಿ ಬರುವ ಮಾತು, ಅಭಿರುಚಿ ಮತ್ತು ನಡವಳಿಕೆಗಳನ್ನು ಶಾಲೆಯು ಯೋಗ್ಯತೆಯೆಂದು ಮನ್ನಿಸುತ್ತದೆ ಎಂಬ ವಿಚಾರ, ಸೋಲಿನ ಸಾಮಾಜಿಕ ಬೇರುಗಳನ್ನು ಬಯಲಿಗೆ ತಂದಿತು. ವಿನ್ಸೆಂಟ್ ಟಿಂಟೋ 1975ರಿಂದ ಮುಂದಕ್ಕೆ ಮಂಡಿಸಿದ ಸಿದ್ಧಾಂತದ ಪ್ರಕಾರ, ವಿದ್ಯಾರ್ಥಿಯು ಕಾಲೇಜಿನ ಶೈಕ್ಷಣಿಕ ಮತ್ತು ಸಾಮಾಜಿಕ ಬದುಕಿನಲ್ಲಿ ಬೆರೆಯದೆ ಹೋದಾಗ ಓದನ್ನು ತೊರೆಯುವ ಸಾಧ್ಯತೆ ಹೆಚ್ಚು. ಅಧ್ಯಾಪಕರನ್ನು ಭೇಟಿಯಾಗುವುದು, ಗ್ರಂಥಾಲಯ ಬಳಸುವುದು, ಸಹಪಾಠಿಗಳ ಸ್ನೇಹ ಗಳಿಸುವುದು ಮುಂತಾದವು ಪಠ್ಯಕ್ರಮದ ಭಾಗವಾಗಲು ಇದು ಆಧಾರವಾಯಿತು. ಆದರೆ ಬೆರೆಯುವುದೆಂದರೆ ಮನೆಯ ನಂಟನ್ನು ಕಡಿದುಕೊಳ್ಳುವುದೇ ಎಂಬ ಟೀಕೆಯೂ ಟಿಂಟೋ ಅವರ ಸಿದ್ಧಾಂತಕ್ಕೆ ಎದುರಾಯಿತು.

1990ರ ದಶಕದಿಂದ ಪರಿಣಾಮವನ್ನು ಅಳೆಯುವ ಕಾಲ ಆರಂಭವಾಯಿತು. ಅಪ್‌ವರ್ಡ್ ಬೌಂಡ್‌ಗೆ ಅರ್ಜಿ ಹಾಕಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ರಾಷ್ಟ್ರೀಯ ಮೌಲ್ಯಮಾಪನದ ಅಂತಿಮ ವರದಿ 2009ರಲ್ಲಿ ಬಂದಿತು. ಒಟ್ಟಾರೆ ಕಾಲೇಜು ಸೇರ್ಪಡೆಯ ಮೇಲೆ ಗುರುತಿಸಬಹುದಾದ ಪರಿಣಾಮ ಕಾಣಲಿಲ್ಲವಾದರೂ, ಪದವಿಯ ನಿರೀಕ್ಷೆಯನ್ನೇ ಇಟ್ಟುಕೊಳ್ಳದಿದ್ದ ವಿದ್ಯಾರ್ಥಿಗಳಿಗೆ ಲಾಭವಾಗಿತ್ತು. ಮಾದರಿ ಆಯ್ಕೆಯ ದೋಷಗಳನ್ನು ಸರಿಪಡಿಸಿದರೆ ಫಲಿತಾಂಶ ಇನ್ನೂ ಅನುಕೂಲಕರವಾಗುತ್ತದೆ ಎಂಬ ವಾದವೂ ಮಂಡನೆಯಾಯಿತು. ಟೆಕ್ಸಸ್ ರಾಜ್ಯದ ಎಂಟು ಕಾಲೇಜುಗಳ ಬೇಸಿಗೆ ಕಾರ್ಯಕ್ರಮಗಳನ್ನು ಕುರಿತು 2012ರಲ್ಲಿ ಹೊರಬಂದ ಅಧ್ಯಯನವು ಇನ್ನಷ್ಟು ಸ್ಪಷ್ಟವಾದ ಪಾಠ ಕಲಿಸಿತು. ಭಾಗವಹಿಸಿದವರು ಗಣಿತ ಮತ್ತು ಬರವಣಿಗೆಯ ಮೊದಲ ಪಠ್ಯಗಳನ್ನು ಇತರರಿಗಿಂತ ಬೇಗ ಪೂರೈಸಿದರು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಈ ಮುನ್ನಡೆ ಅಳಿಸಿಹೋಗಿತ್ತು. ನಾಲ್ಕರಿಂದ ಆರು ವಾರಗಳ ಶ್ರಮವನ್ನು ಮುಂದಿನ ವರ್ಷಗಳಲ್ಲಿ ಯಾರೂ ಪೋಷಿಸದಿದ್ದರೆ ಅದು ಬಾಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇತ್ತೀಚಿನ ಎರಡು ದಶಕಗಳ ಚಿಂತನೆ ಕೊರತೆ ದೃಷ್ಟಿಯನ್ನು ಬಹುಮಟ್ಟಿಗೆ ತೊರೆದಿದೆ. ಬಹುಭಾಷಾ ಸಾಮರ್ಥ್ಯ, ಕುಟುಂಬದ ಒಗ್ಗಟ್ಟು, ಅನ್ಯಾಯವನ್ನು ಎದುರಿಸಿದ ಅನುಭವ ಇವೆಲ್ಲವೂ ‘ಸಮುದಾಯದ ಸಾಂಸ್ಕೃತಿಕ ಸಂಪತ್ತು’ ಎಂದು ಟಾರಾ ಯೊಸೊ 2005ರಲ್ಲಿ ಪ್ರತಿಪಾದಿಸಿದರು. ಅಮೆರಿಕದ ವಿಶ್ವವಿದ್ಯಾಲಯಗಳು ಸ್ವತಂತ್ರ ವ್ಯಕ್ತಿತ್ವವನ್ನು ಆದರ್ಶವೆಂದು ಸಾರುತ್ತಿರುವಾಗ, ಮನೆಯವರಿಗೆ ನೆರವಾಗಲೆಂದೇ ಓದಲು ಬಂದ ಮೊದಲ ತಲೆಮಾರಿನವರಿಗೆ ಅಲ್ಲಿ ಪರಕೀಯತೆ ಉಂಟಾಗುತ್ತದೆ ಎಂದು ನಿಕೋಲ್ ಸ್ಟೀಫನ್ಸ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಹಿರಿಯ ವಿದ್ಯಾರ್ಥಿಗಳು ತಮ್ಮ ಹಿನ್ನೆಲೆಯನ್ನು ಮುಚ್ಚಿಡದೆ, ಅದರಿಂದ ಎದುರಾದ ತೊಡಕುಗಳನ್ನೂ ಕಂಡುಕೊಂಡ ದಾರಿಗಳನ್ನೂ ಹೇಳುವ ಒಂದು ಗಂಟೆಯ ಗೋಷ್ಠಿಯೂ ಮೊದಲ ವರ್ಷದ ಅಂಕಗಳ ಅಂತರವನ್ನು ಕುಗ್ಗಿಸಿತೆಂದು ಅವರ 2014ರ ಅಧ್ಯಯನ ತಿಳಿಸಿತು. ಅಧ್ಯಾಪಕರ ಭೇಟಿಗೆ ನಿಗದಿಯಾದ ಸಮಯವೆಂದರೇನು, ಅದು ಯಾರಿಗಾಗಿ ಎಂಬಂಥ ಸಣ್ಣ ಸಂಗತಿಯನ್ನೂ ಕಾಲೇಜುಗಳು ವಿವರಿಸದೆ, ಎಲ್ಲರಿಗೂ ಗೊತ್ತೆಂದು ಭಾವಿಸಿಕೊಳ್ಳುವುದನ್ನು ಆಂಟನಿ ಜ್ಯಾಕ್ 2019ರ ಗ್ರಂಥದಲ್ಲಿ ದಾಖಲಿಸಿದರು. ಹೀಗೆ ಬರವಣಿಗೆಯ ತಪ್ಪುಗಳಿಂದ ಆರಂಭವಾದ ವಿಚಾರಣೆ ಸಂಸ್ಥೆಯ ಅಲಿಖಿತ ನಿಯಮಗಳವರೆಗೆ ಬಂದು ಮುಟ್ಟಿತು.

ಈ ಚರ್ಚೆಗೆ ಕರ್ನಾಟಕದಲ್ಲಿಯೂ ನೇರವಾದ ಪ್ರಸ್ತುತತೆಯಿದೆ. ಇಲ್ಲಿನ ಶಾಲೆಗಳಲ್ಲಿ ವರ್ಷಾರಂಭದ ‘ಸೇತುಬಂಧ’ ಪರಿಚಿತವಾದದ್ದು. ಐಐಟಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪೂರ್ವಸಿದ್ಧತಾ ವ್ಯಾಸಂಗದ ವ್ಯವಸ್ಥೆಯೂ ಇದೆ. ಕನ್ನಡ ಮಾಧ್ಯಮದಲ್ಲಿ ಕಲಿತು, ಮನೆಯಲ್ಲಿ ದಾರಿ ಹೇಳುವವರಿಲ್ಲದೆ, ಇಂಗ್ಲಿಷಿನಲ್ಲಿ ನಡೆಯುವ ಪದವಿ ತರಗತಿಗೆ ಬರುವವರ ವಿಷಯದಲ್ಲಿ ಅಮೆರಿಕದ ಅನುಭವದಿಂದ ಮೂರು ಪಾಠಗಳನ್ನು ಕಲಿಯಬಹುದು: ಕಳೆದ ವರ್ಷಗಳ ಪಾಠವನ್ನೇ ಮತ್ತೆ ಒಪ್ಪಿಸುವ ಬದಲು ಮುಂದಿನ ಓದಿನ ನೈಜ ಸವಾಲುಗಳನ್ನು ನೆರವಿನೊಂದಿಗೆ ಮುಂದಿಡಬೇಕು, ಕಾಲೇಜಿನ ಅಲಿಖಿತ ನಿಯಮಗಳನ್ನು ಬಾಯಿಬಿಟ್ಟು ಹೇಳಿಕೊಡಬೇಕು, ಶಿಬಿರದಲ್ಲಿ ಪಾಠ ಮಾಡಿದವರೇ ವರ್ಷವಿಡೀ ಆ ವಿದ್ಯಾರ್ಥಿಗಳ ಜೊತೆಗಿರಬೇಕು. ಇದಕ್ಕೆ ಹಣವೂ ಅನುಭವಿ ಅಧ್ಯಾಪಕರ ಸಮಯವೂ ಬೇಕು. ಪ್ರವೇಶಪತ್ರ ಕೊಟ್ಟ ಮಾತ್ರಕ್ಕೆ ಕಾಲೇಜಿನ ಹೊಣೆ ಮುಗಿಯುವುದಿಲ್ಲವಾದ್ದರಿಂದ, ಈ ವೆಚ್ಚವನ್ನು ಶಿಕ್ಷಣ ಸಂಸ್ಥೆಗಳು ತಮ್ಮ ಮೂಲ ಕರ್ತವ್ಯದ ಭಾಗವೆಂದೇ ಲೆಕ್ಕ ಹಾಕಬೇಕು.