ಮನೆ ಖಾಲಿ ಮಾಡುವಾಗ ಅಟ್ಟದ ಸಾಮಾನನ್ನು ಬಚ್ಚಲೊಲೆಗೆ ಹಾಕಬಹುದೇ?

ಮನೆ ಬದಲಿಸುವವರಿಗೆ ವಾಟ್ಸಾಪ್‌ನಲ್ಲಿ ಸಲಹೆಗಳಿಗೆ ಬರವಿಲ್ಲ. ಒಂದು ವರ್ಷ ಮುಟ್ಟದ್ದನ್ನು ಎಸೆಯಿರಿ, ಬೇಡದ್ದನ್ನು ಸುಟ್ಟುಬಿಡಿ, ಹಳೇ ಟಿವಿಯನ್ನು ಮಾತ್ರ ಗುಜರಿಗೆ ಕೊಡಬೇಡಿ, ಅದರಲ್ಲಿ ಲಕ್ಷಗಟ್ಟಲೆ ಬೆಲೆಯ ಕೆಂಪು ಪಾದರಸ ಇದೆ! ಮೊದಲನೆಯ ಮಾತು ಬೆಂಗಳೂರಿನ ಫ್ಲ್ಯಾಟಿಗೆ ಹೊಂದಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟದ ಮನೆಗಳ ಕತೆ ಬೇರೆ. ಇಲ್ಲಿ ಅಟ್ಟ ಹತ್ತಿದರೆ ಬಟ್ಟೆಬರೆ, ಪಾತ್ರೆಗಳ ಜೊತೆಗೆ ಹೆಸರು ಅಳಿಸಿಹೋದ ಔಷಧಿ ಡಬ್ಬಗಳೂ ಸಿಗುತ್ತವೆ. ತೋಟದ ಭಾಷೆಯಲ್ಲಿ ಕೀಟನಾಶಕಕ್ಕೂ ‘ಔಷಧಿ’ ಎಂದೇ ಹೆಸರು. ಗೊಂದಲ ಅಲ್ಲಿಂದಲೇ ಶುರು.

ಅವಧಿ ಮುಗಿದ ಕೀಟನಾಶಕ ನಿರಪಾಯವೇ?

ಅಲ್ಲ. ‘ಡೇಟ್ ಮುಗಿದಿದೆ, ಇನ್ನೇನು ಪವರ್ ಇರುತ್ತೆ’ ಎಂಬುದು ನಾವು ಆಗಾಗ ಕೇಳುವ ಮಾತು. ಹುಳುವಿನ ಮೇಲೆ ಅದರ ಶಕ್ತಿ ಕುಂದಿರಬಹುದು, ಮನುಷ್ಯನಿಗೆ ವಿಷ ಕಡಿಮೆಯಾಗಿದೆ ಎಂದೇನೂ ಅಲ್ಲ. ಕೆಲವು ಇನ್ನೂ ಕೆಟ್ಟದಾಗುತ್ತವೆ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಯಲು ಮಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 2,800 ಕಾರ್ಮಿಕರು ಅಸ್ವಸ್ಥರಾದರು, ಐವರು ಸತ್ತರು. ಪುಡಿಯಲ್ಲಿ ಐಸೊಮಲಾಥಿಯಾನ್ ಎಂಬ ಇನ್ನೂ ಘೋರ ವಿಷ ಸೇರಿಕೊಂಡಿತ್ತು. ಮಲಾಥಿಯಾನ್ ಸೆಕೆಯಲ್ಲಿ ದಾಸ್ತಾನಿದ್ದಾಗ ಇದು ಹುಟ್ಟಬಲ್ಲದು.

ಕಾಫಿ ಸೀಮೆಯ ಹಳೇ ಡಬ್ಬಗಳಲ್ಲಿ ಮುಖ್ಯವಾಗಿ ಎರಡನ್ನು ಗುರುತಿಸಿ. ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳುವಿಗೆ ಒಂದು ಕಾಲಕ್ಕೆ ಹಚ್ಚುತ್ತಿದ್ದ ಲಿಂಡೇನ್ ಮೊದಲನೆಯದು. ಅದರ ಬಳಕೆ ನಮ್ಮ ದೇಶದಲ್ಲಿ 2013ರಿಂದ ನಿಷಿದ್ಧ. ಎರಡನೆಯದು ಎಂಡೋಸಲ್ಫಾನ್, ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆದದ್ದು. ಎರಡೂ ಮಣ್ಣಿನಲ್ಲಿ, ಜೀವಿಗಳ ಕೊಬ್ಬಿನಲ್ಲಿ ಬಹುಕಾಲ ಉಳಿಯುವ ಕ್ಲೋರಿನ್‌ಯುಕ್ತ ವಿಷಗಳು. ಒಲೆಗೆ ಹಾಕಿದರೆ ಅವು ಸುಟ್ಟು ಬೂದಿಯಾಗಿ ಮುಗಿದುಹೋಗುವುದಿಲ್ಲ. ಬಚ್ಚಲೊಲೆಯಷ್ಟು ಬೆಂಕಿಯಲ್ಲಿ ಅರೆಬರೆ ಉರಿದು ವಿಷದ ಹೊಗೆ ಏಳುತ್ತದೆ, ಅದರಲ್ಲಿ ಡಯಾಕ್ಸಿನ್ ಕೂಡ ಇರಬಹುದು. ಹೊಗೆ ಹೋಗುವುದು ಹಂಡೆ ನೀರು ತೋಡಿಕೊಳ್ಳುವವರ ಮೂಗಿಗೆ, ಬೂದಿ ಹೋಗುವುದು ಪಾತ್ರೆ ತಿಕ್ಕಲು ಇಲ್ಲವೇ ಸೊಪ್ಪಿನ ಮಡಿಗೆ. ತಾಮ್ರಕ್ಕಾಗಿ ಹಳೇ ವೈರ್ ಸುಡುವುದೂ ಇದೇ ಜಾತಿಯ ಕೆಲಸ.

ಹಳ್ಳಕ್ಕೆ ಸುರಿಯುವುದು ಇನ್ನೂ ಕೆಟ್ಟದ್ದು. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಭದ್ರಾ ಹರಿಯುವುದು ಕಳಸದ ಮಗ್ಗುಲಲ್ಲಿ. ಅಷ್ಟು ದೂರ ಯೋಚಿಸುವುದೇ ಬೇಡ. ಗುಡ್ಡದ ಒರತೆಗೆ ಪೈಪು ಹಾಕಿ ನೀರು ತರುವ ಕೆಳಗಿನ ಮನೆಯವರು, ಲೈನ್ ಮನೆಯವರು ಅದನ್ನೇ ಕುಡಿಯುತ್ತಾರೆ.

ಹಾಗಾದರೆ ಏನು ಮಾಡಬೇಕು? ಕೈಗವಸು ಹಾಕಿಕೊಂಡು, ಡಬ್ಬಗಳನ್ನು ಲೇಬಲ್ ಸಮೇತ ನಿಲ್ಲಿಸಿ ಒಂದು ಗಟ್ಟಿ ಬಕೆಟ್ಟಿನಲ್ಲಿಡಿ. ಸಾಗಿಸುವುದು ಸುಲಭವೆಂದು ನೀರಿನ ಬಾಟಲಿಗೆ ಬಗ್ಗಿಸಲೇಬೇಡಿ. ಹೊಸ ಮನೆಯಲ್ಲಿ ಮಕ್ಕಳು ಅದನ್ನೇ ಎತ್ತಿ ಕುಡಿಯುತ್ತಾರೆ. ನಂತರ ಅಂಗಡಿಯವರನ್ನು, ರೈತ ಸಂಪರ್ಕ ಕೇಂದ್ರವನ್ನು, ಕಾಫಿ ಮಂಡಳಿಯ ಕಚೇರಿಯನ್ನು ಕೇಳಿ. ಕೀಟನಾಶಕದ ಡಬ್ಬ, ಸಿಎಫ್‌ಎಲ್ ಬಲ್ಬು, ಥರ್ಮಾಮೀಟರ್, ಹಳೇ ಮಾತ್ರೆ, ಬ್ಯಾಟರಿಗಳನ್ನು 2016ರ ಘನತ್ಯಾಜ್ಯ ನಿಯಮಗಳೇ ‘ಗೃಹ ಅಪಾಯಕಾರಿ ತ್ಯಾಜ್ಯ’ ಎಂದು ಪ್ರತ್ಯೇಕಿಸಿದ್ದವು. ಹಾಗಾಗಿ ಪಂಚಾಯಿತಿಯವರನ್ನು ಕೇಳುವುದು ಉಪಕಾರ ಬೇಡಿದಂತಲ್ಲ. ಒಂದೇ ದಿನಕ್ಕೆ ಉತ್ತರ ಸಿಗದೆ ಹೋಗಬಹುದು, ಅದಕ್ಕೇ ಲಾರಿ ಬರುವ ಹಿಂದಿನ ರಾತ್ರಿಗೆ ಇದನ್ನು ಇಟ್ಟುಕೊಳ್ಳಬಾರದು. ಮೈಲುತುತ್ತದ ಚೀಲ ಮಾತ್ರ ಎಸೆಯುವ ವಸ್ತುವಲ್ಲ. ಬೋರ್ಡೋ ದ್ರಾವಣಕ್ಕೆ ಬೇಕಾಗುತ್ತದೆ, ಪಕ್ಕದ ತೋಟದವರಿಗೆ ಕೊಡಿ.

ಯಾರಾದರೂ ಕೀಟನಾಶಕ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎನ್ನುವ ಫಾರ್ವರ್ಡ್ ಕೂಡ ಇದೆ. ಹಾಗೆ ಮಾಡಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. 108ಕ್ಕೆ ಕರೆ ಮಾಡಿ, ಡಬ್ಬವನ್ನೂ ಆಸ್ಪತ್ರೆಗೆ ಒಯ್ಯಿರಿ. ಲೇಬಲ್ ಕೀಳಬಾರದು ಎಂದದ್ದು ಇದಕ್ಕೂ ಸೇರಿ.

ಕೆಂಪು ಪಾದರಸ ಮತ್ತು ಹಳೇ ನಾಣ್ಯ

ಕೆಂಪು ಪಾದರಸ ಎಂದು ಮಾರುವ ಆ ಅದ್ಭುತ ವಸ್ತು ಎಲ್ಲೂ ಇಲ್ಲ. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿರುವುದು ಸೀಸ. ಒಡೆಯಲು ಹೋದರೆ ಗಾಜು ಸಿಡಿಯುತ್ತದೆ. ಹಳೇ ನಾಣ್ಯ, ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ: ತನ್ನ ಹೆಸರಿನಲ್ಲಿ ಇಂಥ ಶುಲ್ಕ ವಸೂಲಿಗೆ ಅದು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಇನ್ವರ್ಟರ್ ಬ್ಯಾಟರಿಗೆ ನಿಜವಾಗಿಯೂ ಬೆಲೆಯಿದೆ. ಅದನ್ನು ಬ್ಯಾಟರಿ ಅಂಗಡಿಗೇ ಕೊಡಿ, ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಹೊರುವ ಗುಜರಿಯವರಿಗಲ್ಲ.

ಟ್ರಂಕಿನ ಹಳೇ ಬಟ್ಟೆ

ಮಲೆನಾಡಿನ ಮಳೆಗೆ ಬೂಸು ಹಿಡಿಯದಿರಲೆಂದು, ನುಸಿ ಬಾರದಿರಲೆಂದು ಟ್ರಂಕಿಗೆ ನುಸಿಗುಳಿಗೆ ಹಾಕಿಟ್ಟಿರುತ್ತೇವೆ. ಖಾಲಿ ಮಾಡುವಾಗ ಅದರಲ್ಲಿದ್ದ ಮಗುವಿನ ಅಂಗಿ, ಕಂಬಳಿಗಳನ್ನು ಬಾಣಂತಿ ಇರುವ ಮನೆಗೆ ಕೊಡುವುದು ರೂಢಿ. ಇಲ್ಲೊಂದು ಅಪಾಯವಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ನ್ಯಾಫ್ತಲೀನ್ ಆವಿ ತಗುಲಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗುತ್ತದೆ. ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಒಗೆದು ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ, ಗಾಳಿಗೆ ಹರವಿ. ಎಳೆಗೂಸಿಗೆ ಹೊಸ ಹತ್ತಿ ಬಟ್ಟೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಮಾತ್ರೆಗಳನ್ನು ಪಂಚಾಯಿತಿಗೆ ಕೊಡಲಾಗದಿದ್ದರೆ ಪಟ್ಟಿಯಿಂದ ಬಿಡಿಸಿ, ಸೋಸಿ ಉಳಿದ ಕಾಫಿಪುಡಿಯ ಜೊತೆ ಕಲಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಮಕ್ಕಳಾಗಲಿ ನಾಯಿಯಾಗಲಿ ಹೆಕ್ಕುವುದಿಲ್ಲ. ಇಲಿ ಹಿಕ್ಕೆಯಿರುವ ಮೂಲೆಯನ್ನು ಒಣಗಿದಂತೆಯೇ ಗುಡಿಸದೆ ಮೊದಲು ಬ್ಲೀಚಿಂಗ್ ನೀರು ಚಿಮುಕಿಸಿ. ಸೌದೆ ರಾಶಿಗೆ ಕೈ ಹಾಕುವ ಮುಂಚೆ ಕೋಲು ಹಾಕಿ.

ಈ ಕೆಲಸಕ್ಕೆ ಎಷ್ಟು ಸಮಯ ಸಿಗುತ್ತದೆ ಎಂಬುದು ಎಲ್ಲರಿಗೂ ಒಂದೇ ಅಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುತ್ತದೆಂದು ಕುದುರೆಮುಖ ಪಟ್ಟಣದವರಿಗೆ ಮೂರು ವರ್ಷ ಮೊದಲೇ ಗೊತ್ತಿತ್ತು. 2019ರ ಆಗಸ್ಟ್ ಮಳೆಗೆ ಗುಡ್ಡ ಜರಿದಾಗ ಮೂಡಿಗೆರೆ ತಾಲ್ಲೂಕಿನ ಮಲೆಮನೆಯವರಿಗೆ ಉಟ್ಟ ಬಟ್ಟೆಯಲ್ಲಿ ಹೊರಡುವಷ್ಟೇ ಸಮಯವಿತ್ತು. ಮನೆ ಬದಲಿಸುವ ಯೋಚನೆಯೇ ಇಲ್ಲದಿದ್ದರೂ ಅಟ್ಟದ ಆ ಡಬ್ಬಗಳನ್ನು ಈ ಮಳೆಗಾಲಕ್ಕೆ ಮೊದಲೇ ಕೆಳಗಿಳಿಸಿ.