ನೀರು ನಿಲ್ಲದ ನೆಲದಲ್ಲಿ ತೋಟ: ಮುರಕಲ್ಲಿನ ಮೇಲೆ ಅಡಿಕೆ ಕೃಷಿ ಬೆಳೆದ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಷ್ಟು ಮಳೆ ಬಂದರೂ ಮಾರ್ಚ್ ತಿಂಗಳಾಯಿತೆಂದರೆ ಬೆಳ್ಳೂರು, ನೆಟ್ಟಣಿಗೆ, ಕಿನ್ನಿಂಗಾರು ಕಡೆ ಇಬ್ಬರು ತೋಟದವರು ಎದುರಾದರೆ ಮೊದಲು ಬರುವ ಮಾತು ನೀರಿನದೇ. ಮಳೆ ಕಡಿಮೆಯಾಯಿತೆಂದು ದೂರುವ ಮೊದಲು ನೆಲವನ್ನು ನೋಡಬೇಕು. ಇಲ್ಲಿನ ಗುಡ್ಡೆಗಳೆಲ್ಲ ಮುರಕಲ್ಲು. ಮನೆಗೆ ಕೆಂಪುಕಲ್ಲು ಕಡಿದ ಜಾಗದಲ್ಲಿ ನಿಂತು ನೋಡಿದರೆ ಕಲ್ಲಿನ ಮೈತುಂಬ ಬೆರಳು ಹೋಗುವ ತೂತುಗಳು, ಒಂದರೊಳಗಿಂದ ಇನ್ನೊಂದಕ್ಕೆ ದಾರಿ. ಜರಡಿಗೆ ನೀರು ಹೊಯ್ದಂತೆ ಆಟಿಯ ಮಳೆಯೆಲ್ಲ ಅದರೊಳಗೆ ಇಳಿದು ಹೋಗುತ್ತದೆ.

ಯುರೋಪಿನ ತೋಟಗಾರಿಕೆಯ ಪುಸ್ತಕಗಳಲ್ಲಿ ನೀರು ಬೇಗ ಬಸಿಯುವ ನೆಲಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಸುಣ್ಣಕಲ್ಲಿನ ಮಣ್ಣು. ಅಲ್ಲಿ ಸುಣ್ಣ ಹೆಚ್ಚಾಗಿ ಗಿಡಕ್ಕೆ ಕಬ್ಬಿಣ ಸಿಗದೆ ಎಲೆ ಹಳದಿಯಾಗುತ್ತದೆ. ನಮ್ಮಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚಿದೆ, ಇಲ್ಲದಿರುವುದು ಸುಣ್ಣ. ನೀರನ್ನು ಹಿಡಿದಿಡುವ ಶಕ್ತಿ ಎರಡಕ್ಕೂ ಕಡಿಮೆ, ಹಾಕಿದ ಗೊಬ್ಬರವನ್ನು ಕಾಯುವ ಶಕ್ತಿ ನಮ್ಮ ಮಣ್ಣಿಗೆ ಇನ್ನೂ ಕಡಿಮೆ. ಈ ಊರಿನ ಅಡಿಕೆ ತೋಟದ ಆರೈಕೆ ಕಳೆದ ನೂರು ವರ್ಷಗಳಲ್ಲಿ ಹೇಗೆಲ್ಲ ಬದಲಾಯಿತು ಎಂಬುದನ್ನು ಈ ಒಂದು ಗುಣವನ್ನು ಹಿಡಿದುಕೊಂಡೇ ಹೇಳಬಹುದು.

ಮುರಕಲ್ಲನ್ನು ಹೊರಜಗತ್ತಿನ ವಿಜ್ಞಾನಕ್ಕೆ ಪರಿಚಯಿಸಿದವನು ಫ್ರಾನ್ಸಿಸ್ ಬುಕಾನನ್. ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸುತ್ತಿದ ಅವನು ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಅದರ ಸ್ವಭಾವವನ್ನು 1807ರಲ್ಲಿ ಪ್ರಕಟವಾದ ಅವನ ಪ್ರವಾಸಕಥನ ವಿವರಿಸಿತು. ಆ ಸ್ವಭಾವದ ಹಿಂದಿನ ರಸಾಯನ ತಿಳಿದದ್ದು ಎಷ್ಟೋ ಕಾಲದ ಮೇಲೆ. ಲಕ್ಷಾಂತರ ವರ್ಷಗಳ ಮಳೆ ಮೂಲಬಂಡೆಯ ಸಿಲಿಕಾ, ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂಗಳನ್ನು ತೊಳೆದೊಯ್ದಿದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿವೆ. ಹಾಗಾಗಿ ಮಣ್ಣು ಹುಳಿ. ಹಾಕಿದ ರಂಜಕವನ್ನು ಕಬ್ಬಿಣ ಹಿಡಿದು ಕೂರುತ್ತದೆ, ಪೊಟ್ಯಾಷ್ ಮಳೆಯೊಂದಿಗೆ ಹೊರಟುಹೋಗುತ್ತದೆ. ಮುರದ ಕೆಳಗೆ ಮೆತ್ತಗಿನ ಶೇಡಿಮಣ್ಣು ಇದೆ. ಮೇಲಿನಿಂದ ಇಳಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತದೆ. ಈ ಸೀಮೆಯ ನೀರಾವರಿ ನಿಂತದ್ದೇ ಆ ತಡೆಯ ಮೇಲೆ.

ಹಿಂದಿನವರು ಗುಡ್ಡೆಯ ಮೇಲೆ ಅಡಿಕೆ ನೆಡುವ ಸಾಹಸಕ್ಕೆ ಹೋಗಲಿಲ್ಲ. ಬೈಲಿನಲ್ಲಿ ಗದ್ದೆ, ಗದ್ದೆಗಿಂತ ಒಂದು ಮೆಟ್ಟಿಲು ಮೇಲೆ ತೋಟ, ಅದರ ಮೇಲೆ ಮನೆ ಮತ್ತು ಹಟ್ಟಿ, ಎಲ್ಲಕ್ಕಿಂತ ಮೇಲೆ ಸೊಪ್ಪಿನ ಗುಡ್ಡೆ. ಹಳೆಯ ದಕ್ಷಿಣ ಕೆನರಾ ಜಿಲ್ಲೆಯ ಕಂದಾಯ ಪದ್ಧತಿಯಲ್ಲಿ ಜಮೀನಿಗೆ ತಾಗಿದ ಸರ್ಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರುವ ಕುಮ್ಕಿ ಹಕ್ಕು ಕೃಷಿಕನಿಗಿತ್ತು. ಕಾಡುಸೊಪ್ಪು, ತರಗೆಲೆ ಹಟ್ಟಿಗೆ ಹೋಗಿ ಗೊಬ್ಬರವಾಗಿ ಅಡಿಕೆಯ ಬುಡಕ್ಕೆ ಬರುತ್ತಿತ್ತು. ಜೊತೆಗೆ ಸುಡುಮಣ್ಣು: ಮೇಲ್ಮಣ್ಣು, ಕಸಕಡ್ಡಿ, ತರಗೆಲೆ ರಾಶಿ ಹಾಕಿ ನಿಧಾನಕ್ಕೆ ಹೊಗೆಯಾಡಿಸಿ ಮಾಡುವ ಗೊಬ್ಬರ. ಅದರ ಬೂದಿಯಿಂದ ಹುಳಿ ಮಣ್ಣಿಗೆ ಸ್ವಲ್ಪ ಕ್ಷಾರ, ಸ್ವಲ್ಪ ಪೊಟ್ಯಾಷ್ ಸಿಗುತ್ತಿತ್ತು. ಮಣ್ಣಿನ ಹುಳಿ ಅಳೆಯುವ ಸಾಧನ ಇಲ್ಲದ ಕಾಲದಲ್ಲಿ ಹುಳಿಗೆ ಮದ್ದು ಕಂಡುಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಗುಡ್ಡೆಯ ಸಾರವನ್ನು ಬೈಲಿಗೆ ಇಳಿಸಿಯೇ ಬೈಲಿನ ತೋಟ ಹಸಿರಾಗಿತ್ತು. ಆ ಸೊಪ್ಪಿನ ಕಟ್ಟಗಳನ್ನು ಹೊತ್ತವರು ಒಕ್ಕಲುಗಳು, ಕೂಲಿಯವರು. ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿ ರದ್ದಾದ ಮೇಲೆ ಅಷ್ಟು ಅಗ್ಗದ ದುಡಿಮೆ ಮತ್ತೆ ಸಿಗಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಹಿಂದಿನವರ ಕೈಚಳಕಕ್ಕೆ ತಲೆಬಾಗಬೇಕು. ಗುಡ್ಡೆಯ ಬದಿಯಲ್ಲಿ, ನೀರಿನ ಸೆಲೆ ಇರಬಹುದೆಂದು ತೋರಿದಲ್ಲಿ, ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತ ಹೋಗುವುದೇ ಸುರಂಗ. ಎತ್ತರ ಆಳು ನಿಲ್ಲುವಷ್ಟು ಅಥವಾ ತುಸು ಕಡಿಮೆ. ನೆಲ ಹೊರಬದಿಗೆ ಇಳಿಜಾರು, ಹಾಗಾಗಿ ಒಸರಿದ ನೀರು ತಾನಾಗಿ ಹೊರಗೆ ಬರುತ್ತದೆ. ಒಳಗೆ ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಅರ್ಥ, ಕೆಲಸ ಬಿಟ್ಟು ಹೊರಗೆ ಬರಬೇಕು. ಕೆಲವು ಸುರಂಗಗಳು ಹತ್ತಾರು ಮೀಟರಿಗೆ ಮುಗಿಯುತ್ತವೆ, ಕೆಲವು ನೂರು ದಾಟಿ ಹೋಗುತ್ತವೆ. ಹೊರಬಂದ ನೀರು ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ಮನೆಗೆ, ತೋಟಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಇದಕ್ಕೂ ಇರಾನಿನ ಖನಾತಿಗೂ ನಂಟು ಹೇಳುವವರಿದ್ದಾರೆ. ಖನಾತು ಸಾಲುಬಾವಿಗಳನ್ನು ಕೂಡಿಸಿ ಊರಿಗೇ ನೀರು ತರುವ ಏರ್ಪಾಡು, ನಮ್ಮದು ಹೆಚ್ಚಾಗಿ ಒಂದು ಮನೆಯವರು ತಮ್ಮ ಗುಡ್ಡೆಗೆ ಕೊರೆದ ಒಂಟಿ ಬಿಲ. ಮುರವನ್ನು ಕಡಿಯಬಹುದು, ಕಡಿದ ಮೇಲೆ ಕುಸಿಯದೆ ನಿಲ್ಲುತ್ತದೆ. ಇಷ್ಟು ಗೊತ್ತಿದ್ದವನಿಗೆ ಪರ್ಶಿಯಾದ ಪಾಠ ಬೇಕಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಬಾಯಾರು, ಶೇಣಿ, ಪಡ್ರೆ, ಗಡಿಯಾಚೆಯ ಮಾಣಿಲ ಸುರಂಗಗಳಿಗೆ ಹೆಸರಾದ ಊರುಗಳು. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ತೋಟದ ಕೂಲಿ ಕೆಲಸ ಮಾಡುತ್ತಲೇ ತಮಗೆ ಸಿಕ್ಕ ಬೋಳುಗುಡ್ಡೆಗೆ ಒಬ್ಬರೇ ಸುರಂಗ ಕೊರೆದರು. ಮೊದಲಿನವು ಒಣಗಿಯೇ ಉಳಿದವು, ಅವರು ಬಿಡಲಿಲ್ಲ. ಕೊನೆಗೆ ನೀರು ಸಿಕ್ಕಿತು, ಗುಡ್ಡೆ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಳ್ಳೂರಿನ ನೆರೆಯ ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಇನ್ನೊಂದು ಬಗೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ಕಟ್ಟ ಕಟ್ಟುತ್ತಾರೆ. ತೋಡಿನ ನೀರು ನಿಂತು ಎರಡೂ ದಡದ ಬಾವಿಗಳ ಮಟ್ಟ ಏರುತ್ತದೆ. ಕಟ್ಟ ಒಬ್ಬನಿಂದ ಆಗುವ ಕೆಲಸವಲ್ಲ, ಮೇಲಿನವನೂ ಕೆಳಗಿನವನೂ ಸೇರಬೇಕು. ಬೋರ್‌ವೆಲ್ ಬಂದ ಮೇಲೆ ಮೊದಲು ಸಡಿಲವಾದದ್ದು ಆ ಒಟ್ಟುಗೂಡುವಿಕೆ. ಪಡ್ರೆಯಲ್ಲಿದ್ದುಕೊಂಡು ಸುರಂಗ, ಮದಕ, ಕಟ್ಟಗಳ ಬಗ್ಗೆ ದಶಕಗಳಿಂದ ಬರೆದವರು ಶ್ರೀಪಡ್ರೆ. 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯಲ್ಲಿ ಕೃಷಿಕರು ತಾವೇ ಲೇಖನಿ ಹಿಡಿದರು. ನಮ್ಮ ತೋಟಗಾರಿಕೆಯ ನಿಜವಾದ ಇತಿಹಾಸ ಬೇಕಾದವರು ಸರ್ಕಾರಿ ವರದಿಗಿಂತ ಮೊದಲು ಅದರ ಹಳೆಯ ಸಂಚಿಕೆಗಳನ್ನು ತಿರುವಬೇಕು.

ಪ್ರಯೋಗಾಲಯದ ವಿಜ್ಞಾನ ಈ ಬೆಳೆಗೆ ಬಂದದ್ದು ರೋಗದ ದಾರಿಯಲ್ಲಿ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿ, ಬೋರ್ಡೋ ದ್ರಾವಣ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ ಎಂದು ತೋರಿಸಿದ. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದಷ್ಟೇ ಗೊತ್ತಿತ್ತು. ಫ್ರಾನ್ಸಿನ ದ್ರಾಕ್ಷಿ ತೋಟದ ಈ ಮದ್ದು ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಇಂದಿಗೂ ಮೊದಲ ಮದ್ದು. ಒಂದು ಕಿಲೋ ಮೈಲುತುತ್ತು 50 ಲೀಟರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಹದ ನೋಡಲು ತಿಕ್ಕಿ ಬೆಳಗಿದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಮದ್ದು ಬಿಡುವುದು ವಾಡಿಕೆ. ಆಟಿಯಲ್ಲಿ ಬಿಸಿಲಿನ ಎರಡು ದಿನ ಸಿಗದೆ ಎರಡನೆಯದು ತಪ್ಪಿದ ವರ್ಷ ಅಂಗಳದಲ್ಲಿ ಒಣಗಲು ಅಡಿಕೆ ಕಡಿಮೆ.

ಕಾಸರಗೋಡಿನಲ್ಲಿ ಮದ್ರಾಸು ಸರ್ಕಾರ 1916ರಲ್ಲಿ ತೆರೆದ ತೆಂಗು ಸಂಶೋಧನಾ ಕೇಂದ್ರ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. ಅಡಿಕೆಯ ಕೇಂದ್ರ ವಿಟ್ಲದಲ್ಲಿ ಆರಂಭವಾದದ್ದು 1956ರಲ್ಲಿ. ಬೇಗ ಫಸಲು ಕೊಡುವ, ಗಿಡ್ಡ ಮೈಯ 'ಮಂಗಳ' ತಳಿ ಅಲ್ಲಿಂದ 1972ರಲ್ಲಿ ಹೊರಬಂತು. ಅದರ ಮರುವರ್ಷವೇ, ಅಡಿಕೆ ಧಾರಣೆ ಕುಸಿದು ಕೃಷಿಕರು ಕಂಗಾಲಾಗಿದ್ದಾಗ, ಎರಡು ರಾಜ್ಯಗಳ ಬೆಳೆಗಾರರನ್ನು ಸೇರಿಸಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು. ಧಾರಣೆ ನಿಂತ ಮೇಲೆ ತೋಟಕ್ಕೆ ಖರ್ಚು ಮಾಡುವ ಧೈರ್ಯ ಬಂತು, ವಿಟ್ಲದ ಶಿಫಾರಸುಗಳಿಗೆ ಕಿವಿಗಳೂ ಸಿಕ್ಕವು. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಲೆಕ್ಕ ಆಗಿನಿಂದ ಬೆಳೆಗಾರರ ಬಾಯಿಪಾಠ. ಆ ಲೆಕ್ಕದ ಇನ್ನೊಂದು ಸಾಲು, 12 ಕಿಲೋ ಸೊಪ್ಪು ಮತ್ತು 12 ಕಿಲೋ ಕಾಂಪೋಸ್ಟ್ ಎಂಬುದು, ಬಹಳ ಕಡೆ ಬಾಯಿಪಾಠದಿಂದ ಜಾರಿತು. ಈ ಮಣ್ಣಿನಲ್ಲಿ ಜಾರಬಾರದಿದ್ದ ಸಾಲು ಅದೇ. ಸಾವಯವ ಅಂಶ ಇಲ್ಲದ ಮುರಮಣ್ಣಿಗೆ ಹಾಕಿದ ಯೂರಿಯಾ ಒಂದು ಜೋರು ಮಳೆಗೆ ತೋಡು ಸೇರುತ್ತದೆ.

ದೊಡ್ಡ ಬದಲಾವಣೆ ಇದರ ನಂತರದ್ದು. ಪಂಪು, ಬೋರ್‌ವೆಲ್, ಕೊನೆಗೆ ಜೆಸಿಬಿ ಬಂದು ತೋಟ ಗುಡ್ಡೆ ಹತ್ತಿತು. ಗದ್ದೆ ತೋಟವಾಯಿತು, ಸೊಪ್ಪಿನ ಗುಡ್ಡೆಯೂ ತೋಟವಾಯಿತು. ಸೊಪ್ಪು ಎಲ್ಲಿಂದ ಬರಬೇಕು? ಜೆಸಿಬಿ ತಟ್ಟು ಮಾಡುವಾಗ ಮೇಲಿನ ಒಂದೆರಡು ಅಡಿ ಕಪ್ಪುಮಣ್ಣು ಅಡಿಗೆ ಬಿದ್ದು, ಅಡಿಯ ಮುರ ಮೇಲೆ ಬಂದ ತೋಟಗಳು ಎಷ್ಟೋ. ಅಲ್ಲಿ ಸಸಿ ನಾಲ್ಕು ವರ್ಷವಾದರೂ ನೆಟ್ಟ ವರ್ಷದ ಹಾಗೇ ನಿಂತಿರುತ್ತದೆ. ಗಟ್ಟಿ ಮುರದಲ್ಲಿ ತೆಂಗಿನ ಗುಂಡಿ ತೆಗೆಯುವವರಿಗೆ ಒಂದು ಉಪಾಯ ಗೊತ್ತಿದೆ: ನಾಲ್ಕಡಿ ಗುಂಡಿ ತೆಗೆದು, ಆರು ತಿಂಗಳ ಮೊದಲೇ ಎರಡು ಕಿಲೋ ಉಪ್ಪು ಹಾಕಿ ಬಿಡುವುದು. ಮುರ ಕರಗಿ ಸಡಿಲವಾಗುತ್ತದೆ. ಇದು ಕೃಷಿ ವಿಜ್ಞಾನಿಗಳೂ ಒಪ್ಪಿ ಶಿಫಾರಸು ಮಾಡಿದ ಕ್ರಮ.

ನೀರಿಗೆ ಹೊಸ ದಾರಿ ಹುಡುಕಬೇಕಾಯಿತು. ಹಾಳೆಯಲ್ಲಿ ತೋಕುವ ಕಾಲ ಹೋಗಿ ಸ್ಪ್ರಿಂಕ್ಲರ್, ಆಮೇಲೆ ಡ್ರಿಪ್. ಬುಡಕ್ಕೆ ಪೈಪು ಹಿಡಿದರೆ ಒಂದು ಸಲಕ್ಕೆ 175 ಲೀಟರ್ ಬೇಕಾದಲ್ಲಿ ಡ್ರಿಪ್ಪಿನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಮುರಮಣ್ಣಿಗೆ ಇದಕ್ಕಿಂತ ಹೊಂದುವ ಪದ್ಧತಿ ಬೇರೆ ಬಂದಿಲ್ಲ, ಏಕೆಂದರೆ ಇಲ್ಲಿ ಒಟ್ಟಿಗೆ ಕೊಟ್ಟ ನೀರಿನ ಬಹುಪಾಲು ಬೇರಿನಿಂದ ಕೆಳಗೆ ಹೋಗುತ್ತದೆ. ಅದೇ ಪೈಪಿನಲ್ಲಿ ಗೊಬ್ಬರವನ್ನೂ ಸ್ವಲ್ಪ ಸ್ವಲ್ಪವಾಗಿ ಕೊಡುವ ರಸಾವರಿ ಇದರ ಮುಂದಿನ ಹೆಜ್ಜೆ. ಗುಡ್ಡೆಯ ತಲೆಯಲ್ಲಿ ಕೆರೆ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿ ಮಳೆನೀರು ಹಿಡಿದಿಡುವವರೂ ಇದ್ದಾರೆ. ಮುರದ ತೂತು ಮುಚ್ಚಲು ಅದಕ್ಕಿಂತ ಸುಲಭದ ದಾರಿ ಸದ್ಯಕ್ಕೆ ಕಾಣುವುದಿಲ್ಲ.

ಈ ತೂತುಗಳಿಗೆ ಕಹಿಯಾದ ಅಧ್ಯಾಯವೂ ಇದೆ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಗೇರು ಇದ್ದದ್ದು ಗುಡ್ಡೆಗಳ ತಲೆಯಲ್ಲಿ, ಜನ ಕುಡಿಯುತ್ತಿದ್ದದ್ದು ಅದೇ ಗುಡ್ಡೆಗಳ ಸುರಂಗದ ಮತ್ತು ತೆರೆದ ಕೆರೆಗಳ ನೀರು. ಬಾಧಿತವೆಂದು ಗುರುತಿಸಿದ 11 ಪಂಚಾಯತುಗಳಲ್ಲಿ ಬೆಳ್ಳೂರೂ ಒಂದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದಕ್ಕೆ ತಡೆ ಹಾಕಿತು. ಗುಡ್ಡೆಯ ಮೇಲೆ ಏನು ಸಿಂಪಡಿಸಿದರೂ ಅದು ಕೆಳಗಿನವನ ಬಾವಿಯ ವಿಚಾರ ಎಂದು ಈ ಊರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ ಕಳೆನಾಶಕದ ಕ್ಯಾನು ಇವತ್ತು ಮನೆ ಮನೆಯ ಶೆಡ್ಡಿನಲ್ಲಿದೆ.

ಬೇರೆ ಜಾಡಿನಲ್ಲಿ ಹೋದವರೂ ಇಲ್ಲೇ ಇದ್ದಾರೆ. ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಗದದ ಲೋಟಗಳಲ್ಲಿ ಮೊಳೆಯಿಸಿ, ಚೀಲಗಳಿಗೆ ದಾಟಿಸಿ ಉಳಿಸಿಕೊಂಡು ಬಂದವರು. 2024ರಲ್ಲಿ ಅವರಿಗೂ ಪದ್ಮಶ್ರೀ ಸಿಕ್ಕಿತು. ನೆಲದಲ್ಲಿ ನಿಲ್ಲದ ನೀರನ್ನು ಚೀಲದ ಮಣ್ಣಿನಲ್ಲಿ ನಿಲ್ಲಿಸುವುದು ಬೇಸಾಯದ ಪಠ್ಯದಲ್ಲಿ ಇಲ್ಲದ ಪಾಠ.

ಈಗಿನ ಚಿಂತೆ ಎಲೆಚುಕ್ಕೆ ರೋಗ, ಹಳದಿ ಎಲೆ ರೋಗ, ಕೊನೆ ತೆಗೆಯುವವರ ಕೊರತೆ. ಕೊನೆಯದಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ಮರ ಹತ್ತದೆ ಕೊನೆಯನ್ನೂ ತೆಗೆಯಬಹುದು, ಮದ್ದನ್ನೂ ಬಿಡಬಹುದು. ರೋಗಗಳಿಗೆ ಅಷ್ಟು ಸಲೀಸಾದ ಉತ್ತರ ಇಲ್ಲ. ಶಿಲೀಂಧ್ರನಾಶಕಕ್ಕೆ ಸಾವಿರಗಟ್ಟಲೆ ಸುರಿಯುವ ನಾವು ಅರ್ಧ ಕಿಲೋ ಸುಣ್ಣಕ್ಕೆ ಜಿಪುಣರಾಗುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ. ಹುಳಿ ಮಣ್ಣಿನಲ್ಲಿ ಮರಕ್ಕೆ ಅಷ್ಟು ಸುಣ್ಣವನ್ನು ಎರಡು ಮೂರು ವರ್ಷಕ್ಕೊಮ್ಮೆ ಕೊಟ್ಟು, ಗೊಬ್ಬರವನ್ನು ಕೆಲವು ವಾರ ಬಿಟ್ಟು ಹಾಕಿದರೆ ಹಾಕಿದ್ದು ಬೇರಿಗೆ ದಕ್ಕುತ್ತದೆ. ಬಿದ್ದ ಸೋಗೆ, ಹಾಳೆ, ಸಿಪ್ಪೆಗಳನ್ನು ಸುಡದೆ ಬುಡದಲ್ಲೇ ಹಾಸಿದರೆ ಸೊಪ್ಪಿನ ಗುಡ್ಡೆ ಇಲ್ಲದ ಕೊರತೆ ಸ್ವಲ್ಪವಾದರೂ ನೀಗುತ್ತದೆ.

ಸುಣ್ಣ ಎಷ್ಟು ಬೇಕೆಂದು ಊಹೆಯಿಂದ ಹಾಕಬೇಡಿ. ಮಳೆಗಾಲಕ್ಕೆ ಮುನ್ನ, ಪತ್ತನಾಜೆಗೆ ಮೊದಲೇ ಮಣ್ಣನ್ನು ಕೃಷಿ ಭವನದ ಮೂಲಕ ಪರೀಕ್ಷೆಗೆ ಕೊಡಿ. ಬೈಲಿನ ತೋಟದ ಮಣ್ಣು ಬೇರೆ, ಗುಡ್ಡೆಯದು ಬೇರೆ. ಎರಡನ್ನೂ ಒಂದೇ ತೊಟ್ಟೆಗೆ ತುಂಬಿಸಬೇಡಿ.